ಮಜ್ಜಿಗೆ ತಂತಿ

ಬೆಟಗೇರಿಯ ನೇಕಾರ ಓಣಿಯವರು ಕರೆಂಟು ಮಾರುವುದನ್ನು ಕಲಿತದ್ದು ತೀರ ಈಚೆಗೆ. ಅದಕ್ಕೂ ಮೊದಲು ಅವರು ಅದನ್ನು ಮಜ್ಜಿಗೆಯ ಹಾಗೆ ಹಂಚುತ್ತಿದ್ದರು.

ಇದನ್ನು ಹೇಳಿದರೆ ಈಗಿನವರು ನಗುತ್ತಾರೆ. ನಗಲಿ. ಓಣಿಯ ಏಳೂ ಮನೆಗಳ ಮೇಲೆ ಸೌರ ಹಲಗೆಗಳು ಬಂದು ಆಗಲೇ ವರ್ಷಗಳಾಗಿದ್ದವು. ಮಗ್ಗ ಓಡಿಸಿ, ಪಂಪು ತಿರುಗಿಸಿ, ಮನೆಯ ಬ್ಯಾಟರಿ ತುಂಬಿದ ಮೇಲೆ ಉಳಿದದ್ದನ್ನು ವಿದ್ಯುತ್ ಕಂಪನಿ ತನ್ನ ತಂತಿಗೆ ಎಳೆದುಕೊಂಡು ಏನೋ ಒಂದಿಷ್ಟು ಕೊಡುತ್ತಿತ್ತು. ಆ ದರವನ್ನು ಆದಾಯವೆಂದು ಕರೆಯಲು ಯಾರಿಗೂ ನಾಲಿಗೆ ಬರುತ್ತಿರಲಿಲ್ಲ. ಬೆಣ್ಣೆ ತೆಗೆದ ಮೇಲೆ ಉಳಿದ ಮಜ್ಜಿಗೆಗೆ ಯಾರು ಬೆಲೆ ಕಟ್ಟುತ್ತಾರೆ? ಪಾತ್ರೆ ಹಿಡಿದು ಬಂದವರಿಗೆ ಸುರಿಯುವುದು, ಅಷ್ಟೆ.

ಇಲ್ಲಿ ಪಾತ್ರೆ ಹಿಡಿದವನು ದಸ್ತಗೀರಸಾಬ. ಹಿಡಿದವನು ಎನ್ನುವುದೂ ಅಷ್ಟು ಸರಿಯಲ್ಲ, ಅವನು ಬಾಯಿಬಿಟ್ಟು ಯಾರನ್ನೂ ಏನನ್ನೂ ಕೇಳಿದವನಲ್ಲ. ಮೀಸೆ ಮೂಡುವ ಮೊದಲಿನಿಂದ ಆ ಏಳೂ ಮನೆಗಳಿಗೆ ಕಂಡಿಕೆ ಸುತ್ತಿಕೊಟ್ಟವನು. ಕಂಡಿಕೆ ಎಂದರೆ ಲಾಳಿಯ ಹೊಟ್ಟೆಯಲ್ಲಿ ಕೂರುವ ನೂಲಿನ ಸಣ್ಣ ಸುರುಳಿ. ಒಂದು ಆಯುಷ್ಯದಷ್ಟು ಕಂಡಿಕೆ ಸುತ್ತಿದವನ ಎದೆಯಲ್ಲಿ ಎಷ್ಟು ಹತ್ತಿಯ ಧೂಳು ಕೂತಿರಬೇಕು? ಕೊನೆಗೆ ಉಸಿರು ಸಾಲದೆ ಹೋದಾಗ ದೊಡ್ಡಾಸ್ಪತ್ರೆಯವರು ಗಾಳಿಯಿಂದ ಆಮ್ಲಜನಕ ಹೀರಿ ಮೂಗಿಗೆ ಬಿಡುವ ಯಂತ್ರವೊಂದನ್ನು ಕೊಟ್ಟು ಕಳಿಸಿದರು. ಅದು ಹಗಲೂ ರಾತ್ರಿ ಓಡಬೇಕು. ಅದರ ಹೊಟ್ಟೆಯಲ್ಲೊಂದು ಬ್ಯಾಟರಿಯಿತ್ತು, ಆದರೆ ಅದು ಕರೆಂಟು ಹೋಗಿ ಬರುವ ನಡುವಿನ ಗಳಿಗೆಗೆ ಮಾತ್ರ.

ಅವನು ಇರುತ್ತಿದ್ದದ್ದು ಏಳು ಮನೆಗಳ ಹಿತ್ತಿಲ ಗೋಡೆಗಳು ಕೂಡುವ ಕಡೆ ಇದ್ದ ತಗಡಿನ ಕೋಣೆಯಲ್ಲಿ. ಹಿಂದೆ ಅದು ನೂಲಿಗೆ ಬಣ್ಣ ಹಾಕುವ ಜಾಗ. ಯಾರ ಹೆಸರಿಗೂ ಇಲ್ಲ, ಹೀಗಾಗಿ ಕಂಪನಿ ಅದಕ್ಕೆ ಮೀಟರು ಕೊಡಲಿಲ್ಲ. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲೂ ಇಲ್ಲ. ಒಂದೊಂದು ಮನೆಯಿಂದ ಒಂದೊಂದು ತಂತಿ ಗೋಡೆ ಹಾರಿ ಬಂತು. ದಸ್ತಗೀರಸಾಬ ಅವನ್ನೆಲ್ಲ ಒಂದು ಹಲಗೆಗೆ ಕೂಡಿಸಿ, ಯಾವ ತಂತಿಯಲ್ಲಿ ಕರೆಂಟಿದೆಯೋ ಅದನ್ನು ತಾನಾಗಿ ಹಿಡಿದುಕೊಳ್ಳುವಂತೆ ಮಾಡಿಸಿದ. ಪ್ರತಿ ತಂತಿಗೂ ಸಾಸಿವೆಯಷ್ಟು ದೀಪ. ಓಣಿಯವರು ಅದಕ್ಕೆ ಮಜ್ಜಿಗೆ ತಂತಿ ಎಂದು ಹೆಸರಿಟ್ಟರು.

ಹೆಸರಿಟ್ಟ ಮೇಲೆ ಮಜ್ಜಿಗೆಯ ರೀತಿ ರಿವಾಜೂ ಅದಕ್ಕೆ ಬಂತು. ಆ ಓಣಿಯಲ್ಲಿ ಮಜ್ಜಿಗೆ ಕೊಟ್ಟೆ ಎಂದು ಯಾರೂ ಹೇಳುವುದಿಲ್ಲ. ಹೇಳಿದರೆ ಆ ಮನೆಯ ಮಾನ ಹೋದಂತೆ. ಇಸಗೊಂಡವರೂ ಯಾರ ಮನೆಯದೆಂದು ಹೇಳುವುದಿಲ್ಲ, ಹೇಳಿದರೆ ಕೊಡದ ಮನೆಯವರ ಮುಖ ಸಣ್ಣದಾಗುತ್ತದೆ. ಅದಕ್ಕೇ ದಸ್ತಗೀರಸಾಬ ಆ ದೀಪದ ಹಲಗೆಯ ಮೇಲೆ ಹಳೆಯ ಗುಳೇದಗುಡ್ಡದ ರವಿಕೆ ಖಣವೊಂದನ್ನು ಇಳಿಬಿಟ್ಟಿದ್ದ. ಯಾವ ಮನೆಯ ದೀಪ ಉರಿಯುತ್ತಿದೆ, ಯಾವುದು ಆರಿದೆ ಎನ್ನುವುದು ಅವನೊಬ್ಬನಿಗೇ ಗೊತ್ತು. ಒಂದು ಮನೆಯಲ್ಲಿ ಮದುವೆಯ ಗದ್ದಲ, ಇನ್ನೊಂದರಲ್ಲಿ ಬ್ಯಾಟರಿ ಕೆಟ್ಟಿದೆ, ಮತ್ತೊಬ್ಬರು ಮರೆತು ಗುಂಡಿ ಒತ್ತಿದ್ದಾರೆ, ಹೀಗೆ ಎರಡು ಮೂರು ತಂತಿ ಸತ್ತರೂ ಉಳಿದವು ನಡೆಸುತ್ತಿದ್ದವು. ಯಾರೂ ಯಾರನ್ನೂ ಕೇಳುವ ಪ್ರಸಂಗವೇ ಬರಲಿಲ್ಲ.

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಕೂತು ಈ ಎಲ್ಲದರ ಮೇಲೆ ಹೊಸ ಯೋಜನೆಯೊಂದನ್ನು ಹೆಣೆದವಳು ಅದೇ ಓಣಿಯ ಹುಡುಗಿ. ಹೆಸರು ಬನಶಂಕರಿ. ಏಳು ಮನೆಗಳಲ್ಲಿ ನಡುವಿನ ಮನೆಯ ತೋಟವ್ವನ ಮಗಳು. ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದಳು. ಚಿಕ್ಕಂದಿನಲ್ಲಿ ದಸ್ತಗೀರಸಾಬನ ರಾಟಿಯ ಮುಂದೆ ಕೂತು ಚಕ್ರ ಸುತ್ತುವುದು ಹೇಗೆ, ನಿಲ್ಲುವುದು ಹೇಗೆ ಎಂದು ತಲೆ ತಿಂದವಳು. ಅವನೂ ಬೇಸರಿಸದೆ ಹೇಳಿಕೊಟ್ಟವನು.

ಯೋಜನೆಯ ಹೆಸರು ಸೂರ್ಯ ಸಂತೆ. ಅದರ ಹುರುಳು ಇಷ್ಟೇ. ಬೇಸಿಗೆಗಳು ವರ್ಷದಿಂದ ವರ್ಷಕ್ಕೆ ಸುಡುತ್ತ ಬಂದಿದ್ದವು. ನಡುಮಧ್ಯಾಹ್ನ ದೊಡ್ಡ ಊರುಗಳ ತಂಪು ಯಂತ್ರಗಳೆಲ್ಲ ಒಟ್ಟಿಗೆ ಬಾಯಿ ತೆರೆದರೆ ಇಡೀ ರಾಜ್ಯದ ಜಾಲ ನಡುಗುತ್ತಿತ್ತು. ಆ ಹೊತ್ತಿನಲ್ಲಿ ಸಣ್ಣ ಊರುಗಳ ಚಾವಣಿಗಳಿಂದ ಹನಿ ಹನಿಯಾಗಿ ಕೊಂಡುಕೊಂಡರೆ ಜಾಲ ಉಳಿಯುತ್ತದೆ, ಸಣ್ಣ ಊರಿಗೂ ನಾಲ್ಕು ಕಾಸು ಬರುತ್ತದೆ. ಅದಕ್ಕಾಗಿ ಪ್ರತಿ ಮನೆಯ ಗೋಡೆಗೆ ಒಂದು ಪೆಟ್ಟಿಗೆ. ಅದು ಮನೆಯ ಅಭ್ಯಾಸ ಕಲಿಯುತ್ತದೆ, ಸಂತೆಯ ದರ ಏರಿದಾಗ ಯಾವುದನ್ನು ಆರಿಸಬಹುದು ಎಂದು ಮನೆಯವರನ್ನು ಕೇಳುತ್ತದೆ, ಹೂಂ ಎಂದರೆ ಆರಿಸಿ ಆ ಕರೆಂಟನ್ನು ಮಾರುತ್ತದೆ. ಬನಶಂಕರಿಯ ಹಟದಿಂದ ಅದಕ್ಕೆ ಗದಗಿನ ಮಾತು ಕಲಿಸಿದ್ದರು. ಓಣಿಯವರು ಮೊದಲ ದಿನವೇ ಅದಕ್ಕೆ ದಲಾಲಿ ಎಂದು ಕರೆದರು, ಆ ಹೆಸರೇ ನಿಂತಿತು.

ಪೆಟ್ಟಿಗೆಗೆ ಬನಶಂಕರಿ ಎರಡು ಕಟ್ಟಳೆ ಬರೆದಿದ್ದಳು. ಎರಡರ ಬಗ್ಗೆಯೂ ಅವಳಿಗೆ ಹೆಮ್ಮೆ. ಮೊದಲನೆಯದು, ಒಂದು ಮನೆಯ ಸುದ್ದಿಯನ್ನು ಪೆಟ್ಟಿಗೆ ಇನ್ನೊಂದು ಮನೆಗೆ ಹೇಳಕೂಡದು, ಕಂಪನಿಗೂ ಹೇಳಕೂಡದು. ಕಂಪನಿಗೆ ಕಾಣುವುದು ಓಣಿಯ ಒಟ್ಟು ಮೊತ್ತ ಮಾತ್ರ. ಯಾರ ಮನೆಗೆ ಯಾರು ಬಂದರು, ಯಾರ ಮನೆಯಲ್ಲಿ ಏನು ಕುದಿಯಿತು ಎನ್ನುವುದೆಲ್ಲ ಎಲ್ಲರಿಗೂ ಗೊತ್ತಿರುವ ಓಣಿಯಲ್ಲಿ ಬೆಳೆದವಳಿಗೆ, ಪೆಟ್ಟಿಗೆಯಾದರೂ ಬಾಯಿ ಮುಚ್ಚಿಕೊಂಡಿರಲಿ ಎನಿಸಿದರೆ ತಪ್ಪೇನು? ಎರಡನೆಯದು, ಮನೆಯವರು ಹೂಂ ಎಂದ ಮೇಲೆ ಆ ಹೊತ್ತಿನ ಸಂತೆ ಮುಗಿಯುವವರೆಗೆ ಮನೆಯವರೇ ಬಂದು ಬೇಡ ಎನ್ನಬೇಕೇ ಹೊರತು ಕಂಪನಿ ಹುಬ್ಬಳ್ಳಿಯಲ್ಲಿ ಕೂತು ಅವರ ತಂತಿಯನ್ನು ಮುಟ್ಟುವಂತಿಲ್ಲ. ದೊಡ್ಡವರ ಕೈ ಸಣ್ಣವರ ಮನೆಯೊಳಗೆ ಬರಬಾರದೆಂಬ ಒಳ್ಳೆಯ ಯೋಚನೆ. ಅದನ್ನು ಈಗಲೂ ಕೆಟ್ಟದ್ದೆನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಸಣ್ಣ ಅನುಕೂಲವನ್ನೂ ಅವಳು ಸೇರಿಸಿದ್ದಳು, ಅದು ದಸ್ತಗೀರಸಾಬನನ್ನು ಮನಸ್ಸಿನಲ್ಲಿಟ್ಟುಕೊಂಡೇ ಸೇರಿಸಿದ್ದು. ಒಂದು ತಂತಿಯನ್ನು ಯಾತಕ್ಕೆ ಉಳಿಸಬೇಕು ಎಂದು ಮನೆಯವರು ಕಾರಣ ಹೇಳಿದರೆ ಸಾಕು, ಪೆಟ್ಟಿಗೆ ಅದನ್ನು ಕಾದಿಡುತ್ತದೆ, ಮತ್ತೆಂದೂ ಮಾರುವ ಮಾತು ಎತ್ತುವುದಿಲ್ಲ. ಕಾರಣ ಹೇಳದಿದ್ದರೆ ಮರುದಿನ ಮತ್ತೆ ಕೇಳುತ್ತದೆ.

ಪೆಟ್ಟಿಗೆ ಬಂದ ಮೂರನೆಯ ದಿನ ತೋಟವ್ವ ರೊಟ್ಟಿ ಬಡಿಯುತ್ತಿದ್ದಾಗ ಅದು ಮಾತಾಡಿತು.

"ಯವ್ವಾರ, ಹಿಂದಿನ ಗ್ವಾಡಿ ಕಡೆ ಒಂದ ತಂತಿ ಐತಿ. ಅದರಾಗ ಯಾವಾಗ್ಲೂ ಕರೆಂಟ ಹೋಗಾಕತ್ತೈತ್ರಿ. ನಿಮ್ಮ ಮನ್ಯಾಗಿನ ಯಾವ ಸಾಮಾನಿಗೂ ಅಲ್ಲ. ಮಾರಲೇನ್ರಿ?"

"ಅದನ್ನ ಮುಟ್ಟಬ್ಯಾಡ," ಎಂದಳು ತೋಟವ್ವ.

"ಆತ್ರಿ. ಅದು ಯಾತಕ್ಕ ಅಂತ ಹೇಳಿದ್ರ ನೆನಪಿಟ್ಟೊಂತೀನಿ."

ತೋಟವ್ವ ಹಿಟ್ಟಿನ ಕೈಯಿಂದ ಹಣೆಯ ಬೆವರು ಒರೆಸಿಕೊಂಡು ಪೆಟ್ಟಿಗೆಯನ್ನು ದುರುಗುಟ್ಟಿ ನೋಡಿದಳು. ದಸ್ತಗೀರಸಾಬನಿಗೆ ಕೊಡುತ್ತೇನೆ ಎಂದು ಬಾಯಿಬಿಟ್ಟು ಹೇಳುವುದೆ? ಅದೂ ಒಂದು ದಲಾಲಿಯ ಮುಂದೆ?

"ಯಾತಕ್ಕರ ಇರ್ಲಿ. ನಿನಗ್ಯಾಕ ಬೇಕ ಅದು?"

"ಹೇಳದಿದ್ರ ನಾಳೆ ಮತ್ತ ಕೇಳಬೇಕಾಕ್ಕೈತ್ರಿ."

"ಕೇಳು. ನನ್ನ ಬಾಯೇನ ಸವೆಯೂದಿಲ್ಲ."

ಮಿಕ್ಕ ಆರು ಮನೆಗಳಲ್ಲೂ ಅದೇ ಪ್ರಶ್ನೆ, ಹೆಚ್ಚು ಕಡಿಮೆ ಅದೇ ಉತ್ತರ. ಒಂದು ಮನೆಯವರೂ ಹೆಸರು ಹೇಳಲಿಲ್ಲ. ಬನಶಂಕರಿ ಅಂದು ಸಂಜೆ ಊಟಕ್ಕೆ ಕೂತಾಗ, "ದಲಾಲಿ ಏನರ ಕೇಳಿತೇನ ಬೇ?" ಎಂದು ಕೇಳಿದಳು. "ಹೂಂ, ಕೇಳ್ತೈತಿ, ಹೇಳ್ತೀನಿ," ಎಂದಳು ತಾಯಿ. ಹೆಸರು ಹೇಳಿದೆಯಾ ಎಂಬ ಮುಂದಿನ ಪ್ರಶ್ನೆ ಬನಶಂಕರಿಯ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಎಷ್ಟು ಓದಿದರೇನು, ಅವಳೂ ಆ ಓಣಿಯ ಮಗಳೇ. ಕೊಡುವುದನ್ನು ನೆನಪಿಸುವುದೆಂದರೆ ಕೊಡುವವರನ್ನು ಅನುಮಾನಿಸಿದಂತೆ. ಅವ್ವ ಹೇಳಿಯೇ ಇರುತ್ತಾಳೆ ಎಂದುಕೊಂಡು ಅವಳು ಅನ್ನಕ್ಕೆ ಸಾರು ಕಲಸಿದಳು.

ಆ ವರ್ಷದ ಬೇಸಿಗೆ ಬಂತು. ಅಂಥ ಬೇಸಿಗೆಯನ್ನು ಬೆಟಗೇರಿ ಕಂಡಿರಲಿಲ್ಲ. ಸಂತೆಯ ದರ ಮಧ್ಯಾಹ್ನ ಗಾಳಿಪಟದ ಹಾಗೆ ಏರುತ್ತಿತ್ತು. ಜನ ಬೇಗ ಹೊಂದಿಕೊಂಡರು. ಜನ ಯಾವುದಕ್ಕೆ ತಾನೆ ಹೊಂದಿಕೊಳ್ಳುವುದಿಲ್ಲ? ಮಗ್ಗಗಳು ಈಗ ಬೆಳಗಿನ ಹೊತ್ತು ಮಾತ್ರ ಖಟಖಟ ಎನ್ನುತ್ತಿದ್ದವು. ಮಧ್ಯಾಹ್ನ ಸೀರೆ ನೇಯುವುದಕ್ಕಿಂತ ಸುಮ್ಮನಿರುವುದಕ್ಕೇ ಹೆಚ್ಚು ಸಿಗುತ್ತಿತ್ತು. ನಗರಸಭೆಯವರು ಓಣಿಯ ಆಚೆ ತಂಪುಮನೆಯೊಂದನ್ನು ಕಟ್ಟಿದ್ದರು. ದಪ್ಪ ಮಣ್ಣಿನ ಗೋಡೆ, ಒಳಗೆ ನೀರಿನ ಪರದೆ, ನೂರು ಜನ ಅಡ್ಡಾಗಬಹುದಾದ ಕಡಪಾ ಕಲ್ಲಿನ ನೆಲ. ಊಟ ಮುಗಿದೊಡನೆ ಎಲ್ಲರೂ ಮನೆಗೆ ಬೀಗ ಹಾಕಿ, ಫ್ಯಾನು ಫ್ರಿಜ್ಜು ಎಲ್ಲ ದಲಾಲಿಯ ಕೈಗೆ ಬಿಟ್ಟು, ದಿಂಬು ಕಂಕುಳಲ್ಲಿ ಸಿಕ್ಕಿಸಿಕೊಂಡು ತಂಪುಮನೆಗೆ ನಡೆಯುತ್ತಿದ್ದರು. ಖಾಲಿ ಮನೆ ಹೆಚ್ಚು ಮಾರುತ್ತದೆ. ಸಂಜೆ ಬಂದು ನೋಡಿದರೆ ಪೆಟ್ಟಿಗೆ ಸಂತೋಷದ ಸುದ್ದಿ ಹೇಳುತ್ತಿತ್ತು. ಪಕ್ಕದ ಮನೆಯ ಫಕೀರವ್ವ ಆ ಸಂತೋಷದಲ್ಲಿ ಹೊಸ ಬೆಂಡೋಲೆ ಮಾಡಿಸಿಕೊಂಡಳು. ತೋಟವ್ವ ಬೆನ್ನುನೋವಿನ ಹಳೆಯ ಮಗ್ಗ ಮಾರಿ ನಿಂತು ನೇಯುವ ಹೊಸದನ್ನು ತಂದಳು. ಇದನ್ನು ದುರಾಸೆ ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಬದುಕಿನಲ್ಲಿ ಮೊದಲ ಸಲ ಮಧ್ಯಾಹ್ನ ಮಲಗಿದ ಹೆಂಗಸರು ಅವರು.

ದಸ್ತಗೀರಸಾಬ ಮಾತ್ರ ತಂಪುಮನೆಗೆ ಹೋಗುವಂತಿರಲಿಲ್ಲ. ಯಂತ್ರ ಅಲುಗಿಸುವಂಥದ್ದಲ್ಲ. ಅವನು ತಗಡಿಗೆ ಒದ್ದೆ ಗೋಣಿ ಹಾಕಿಸಿಕೊಂಡು, ನೆಲದ ಮೇಲೆ ಚಾಪೆ ಹಾಸಿ ಕೂರುತ್ತಿದ್ದ.

ದಲಾಲಿ ದಿನವೂ ಕೇಳುತ್ತಿತ್ತು. ದಿನವೂ ಬೇಡ ಎನ್ನುವುದು ಮೊದಮೊದಲು ಸುಲಭವಾಗಿತ್ತು. ಒಂದು ದಿನ ಒಬ್ಬರ ಮನೆಯಲ್ಲಿ ಅವಸರವಿತ್ತು, ಹೂಂ ಎಂದರು. ದಸ್ತಗೀರಸಾಬನಿಗೆ ಏನೂ ಆಗಲಿಲ್ಲ, ಉಳಿದವರಿದ್ದಾರಲ್ಲ. ಇನ್ನೊಂದು ದಿನ ಇನ್ನೊಬ್ಬರು. ಹೂಂ ಎಂದ ಮನೆಯವರಿಗೆ ಉಳಿದ ಆರು ಮನೆಗಳ ಮೇಲೆ ನಂಬಿಕೆ. ಆ ನಂಬಿಕೆ ಸುಳ್ಳೂ ಆಗಿರಲಿಲ್ಲ, ಎಷ್ಟೋ ವರ್ಷ ಅದು ನಿಜವಾಗಿತ್ತು.

ಒಂದು ಬೆಳಿಗ್ಗೆ ತೋಟವ್ವ ತಂಬಿಗೆಯಲ್ಲಿ ಮಜ್ಜಿಗೆ ತಗೊಂಡು ಹೋದಾಗ ಅವನು ಎಳೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಮೂಗಿಗೆ ನಳಿಕೆ. ಮೂಲೆಯಲ್ಲಿ ಯಂತ್ರ ಗುರುಗುಟ್ಟುತ್ತಿತ್ತು. ಖಣದ ಪರದೆ ಎಂದಿನಂತೆ ಇಳಿಬಿದ್ದಿತ್ತು.

"ಹೆಂಗದೀಯೋ ತಮ್ಮಾ?"

"ಆರಾಮ ಅದೀನಿ ಯಕ್ಕಾ." ಒಂದು ವಾಕ್ಯಕ್ಕೆ ಎರಡು ಸಲ ನಿಂತು ಉಸಿರೆಳೆದ. "ಮಧ್ಯಾಣ ಓಣಿ ಭಾಳ ಸುಮ್ನಾಗಿರ್ತೈತಿ ಈಗ. ಮಗ್ಗದ ಸಪ್ಪಳಿಲ್ದ ನಿದ್ದೀನ ಬರೂದಿಲ್ಲ ನನಗ."

"ಎಲ್ಲಾರೂ ತಂಪುಮನಿಗೆ ಹೊಕ್ಕಾರ. ನಿನಗೇನರ ಬೇಕಾಗೇತೇನು?"

ದಸ್ತಗೀರಸಾಬ ಪರದೆಯ ಕಡೆ ಒಮ್ಮೆ ನೋಡಿದ. ಅದರ ಹಿಂದೆ ಆಗ ಎಷ್ಟು ದೀಪ ಉರಿಯುತ್ತಿದ್ದವೋ, ಹಿಂದಿನ ಮಧ್ಯಾಹ್ನ ಎಷ್ಟು ಉರಿದಿದ್ದವೋ, ಅವನು ಹೇಳಬಹುದಿತ್ತು. ಹೇಳಲಿಲ್ಲ.

"ಏನೂ ಬ್ಯಾಡ ಯಕ್ಕಾ. ಏಳ ಮನಿ ಅದಾವಲ್ಲ."

ಆ ದಿನ ಬಿಸಿಲು ನಲವತ್ತಾರು ಡಿಗ್ರಿ ಮುಟ್ಟಿತು. ತೋಟವ್ವ ಬೀಗ ಹುಡುಕುತ್ತಿದ್ದಾಗ ದಲಾಲಿ ಎಂದಿನ ಪ್ರಶ್ನೆ ಕೇಳಿತು, ಜೊತೆಗೆ ಈ ಬೇಸಿಗೆಯಲ್ಲೇ ಇಂಥ ದರ ಬಂದಿಲ್ಲ ಎಂದೂ ಹೇಳಿತು. ಬೀಗ ಸಿಕ್ಕಿತು, ಕೀಲಿ ಸಿಗಲಿಲ್ಲ. ಹೊರಗೆ ಫಕೀರವ್ವ ಕೂಗುತ್ತಿದ್ದಳು.

"ಮಾರಲೇನ್ರಿ ಯವ್ವಾರ?"

"ಮಾರಪಾ, ಮಾರು. ಇವತ್ತೊಂದಿನ ಮಾರು."

ತಂಪುಮನೆಯಲ್ಲಿ ಏಳೂ ಮನೆಯ ಹೆಂಗಸರು ಒಂದೇ ಸಾಲಿನಲ್ಲಿ ದಿಂಬು ಹಾಕಿದರು. ಕಲ್ಲು ಬೆನ್ನಿಗೆ ತಣ್ಣಗೆ ಹತ್ತುತ್ತಿತ್ತು. ತೋಟವ್ವನಿಗೆ ಯಾಕೋ ನಿದ್ದೆ ಹತ್ತಲಿಲ್ಲ. ಎದ್ದು ಕೂತು ಸಾಲನ್ನು ನೋಡಿದಳು. ಫಕೀರವ್ವ, ಅವಳಾಚೆ ಶಾಂತಕ್ಕ, ಅವಳಾಚೆ ಇಬ್ಬರು ವಾರಗಿತ್ತಿಯರು. ಎಲ್ಲರೂ ಇಲ್ಲೇ ಇದ್ದಾರೆ. ಇದ್ದರೇನಾಯಿತು, ತಂತಿ ಚಾಲೂ ಇಡಲು ಮನೆಯಲ್ಲಿ ಮನುಷ್ಯರು ಇರಬೇಕೆಂದೇನಿಲ್ಲ. ಬೀಗ ಹಾಕಿದ ಮನೆಯಿಂದಲೂ ಕರೆಂಟು ಹೋಗುತ್ತದೆ.

"ಫಕೀರವ್ವಾ," ಎಂದಳು ಮೆಲ್ಲಗೆ.

"ಏನಬೇ?"

ಇವತ್ತು ನಿಮ್ಮ ಮಜ್ಜಿಗೆ ತಂತಿ ಚಾಲೂ ಇದೆಯಾ? ಕೇಳಬೇಕಾಗಿದ್ದದ್ದು ಇಷ್ಟೇ. ಆದರೆ ಕೇಳಿದರೆ ಏನಾಗುತ್ತದೆ? ಅವಳು ಇಲ್ಲ ಎನ್ನಬೇಕಾಗಿ ಬಂದರೆ ಅವಳ ಮುಖವನ್ನು ನಾಳೆ ಹೇಗೆ ನೋಡುವುದು? ತನ್ನದೂ ಇಲ್ಲ ಎಂದು ಹೇಳಬೇಕಾಗುತ್ತದಲ್ಲ, ಆಮೇಲೆ ತನ್ನ ಮುಖವನ್ನು ಎಲ್ಲಿ ಇಟ್ಟುಕೊಳ್ಳುವುದು?

"ಬೆಂಡೋಲಿ ಚಲೋ ಕಾಣ್ತಾವ," ಎಂದಳು ತೋಟವ್ವ.

ಫಕೀರವ್ವ ಅರೆನಿದ್ದೆಯಲ್ಲೇ ನಕ್ಕು ಕಿವಿ ಮುಟ್ಟಿಕೊಂಡಳು. ತೋಟವ್ವ ಮಲಗಿದಳು. ಅವಳ ಫೋನು ಊಟದ ಡಬ್ಬಿಯ ಜೊತೆ ಚೀಲದೊಳಗೆ, ಚೀಲ ದಿಂಬಿನ ಕೆಳಗೆ ಇತ್ತು.

ಅದೇ ಹೊತ್ತಿಗೆ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ನಿಂತೇ ಕೆಲಸ ಮಾಡುತ್ತಿದ್ದರು. ಗೋಡೆಯಗಲದ ಪರದೆಯ ಮೇಲೆ ಸಾವಿರಾರು ಟ್ರಾನ್ಸ್‌ಫಾರ್ಮರುಗಳು, ಪ್ರತಿಯೊಂದಕ್ಕೂ ಒಂದು ನಂಬರು, ನಂಬರಿನ ಪಕ್ಕ ಎರಡು ಅಂಕಿ. ಒಂದು ಅಂಕಿ ಅಲ್ಲಿಂದ ಕೊಂಡ ಕರೆಂಟಿನದು. ಇನ್ನೊಂದಕ್ಕೆ ಅವರು ಸೋರಿಕೆ ಎನ್ನುತ್ತಿದ್ದರು. ಅಲ್ಲಿ ಖರ್ಚಾಗುತ್ತಿದೆ, ಆದರೆ ಯಾವ ಮನೆಯ ಯಾವ ಸಾಮಾನಿಗೆಂದು ಪೆಟ್ಟಿಗೆಗಳಿಗೆ ಅರ್ಥವಾಗದ ಕರೆಂಟು ಅದು. ಸೋರಿಕೆ ಇಳಿದಷ್ಟೂ ಜಾಲಕ್ಕೆ ಹೆಚ್ಚು ಸಿಗುತ್ತದೆ. ಮುಖ್ಯ ಎಂಜಿನಿಯರು ನಾಡಿಗೇರರು ಹುಡುಗರಿಗೆ ಹುಮ್ಮಸ್ಸು ಬರಲೆಂದು ಒಂದು ಹಿತ್ತಾಳೆಯ ಗಂಟೆ ತಂದು ತೂಗುಹಾಕಿದ್ದರು. ಯಾವುದಾದರೂ ಟ್ರಾನ್ಸ್‌ಫಾರ್ಮರಿನ ಸೋರಿಕೆ ಸೊನ್ನೆಯಾದರೆ ಅದು ಯಾರ ಸಾಲಿನಲ್ಲಿದೆಯೋ ಅವರು ಗಂಟೆ ಬಾರಿಸಿ, ಊರಿನ ಹೆಸರು ಓದಿ ಹೇಳಬೇಕು. ಇನ್ನೂ ಯಾರೂ ಬಾರಿಸಿರಲಿಲ್ಲ.

ಅಂದು ಬನಶಂಕರಿಯ ಸಾಲಿನಲ್ಲಿ ಒಂದು ಅಂಕಿ ಸೊನ್ನೆಗೆ ಇಳಿದು ಅಲ್ಲೇ ನಿಂತಿತು.

"ಸೊನ್ನಿ! ಸೊನ್ನಿ ಬಂತ್ರಿ ಸರ್!" ಎಂದು ಪಕ್ಕದವರು ಚಪ್ಪಾಳೆ ತಟ್ಟಿದರು. ಬನಶಂಕರಿ ಓಡಿ ಹೋಗಿ ಗಂಟೆಯ ಹಗ್ಗ ಎಳೆದಳು. ಆ ಬೇಸಿಗೆಯಲ್ಲಿ ಜಾಲ ಮುರಿದು ಬೀಳದಂತೆ ಅವಳು ಪಟ್ಟ ಪಾಡಿಗೆ ಅದೊಂದು ಸಣ್ಣ ಸಂತೋಷ. ನಾಡಿಗೇರರು ಮಿರ್ಚಿ ಭಜಿ ತರಿಸಿದರು.

"ಯಾವ ಊರು, ಓದವಾ."

ಅವಳು ನಂಬರನ್ನು ಒತ್ತಿ ನೋಡಿದಳು. "ಬೆಟಗೇರಿ," ಎಂದಳು. "ನೇಕಾರ ಓಣಿ."

"ನಿಮ್ಮದ ಓಣಿ ಅಲ್ಲ ಅದು? ಶಾಭಾಸ್!"

ಒಂದು ಗಳಿಗೆ ಅವಳ ಮುಖ ಅರಳಿತು. ನಮ್ಮವರು, ನಮ್ಮ ಓಣಿಯವರು ಎಲ್ಲರಿಗಿಂತ ಮೊದಲು. ಭಜಿಯೊಂದನ್ನು ಎತ್ತಿಕೊಂಡು ಕುರ್ಚಿಯಲ್ಲಿ ಕೂತಳು. ಕೈ ಬಾಯಿಯ ಹತ್ತಿರ ಹೋಗಿ ನಿಂತಿತು.

ಆ ಓಣಿಯ ಸೋರಿಕೆ ಸೊನ್ನೆ ಆಗುವಂತಿರಲಿಲ್ಲ. ದಸ್ತಗೀರ ಮಾಮಾ ಉಸಿರಾಡುತ್ತಿರುವವರೆಗೆ ಅಲ್ಲಿ ಸೊನ್ನೆ ಬರುವಂತಿರಲಿಲ್ಲ.

"ಸರ್, ಕೊಳ್ಳೂದ ನಿಂದರಸ್ರಿ! ಆ ಓಣೀದ್ದು ನಿಂದರಸ್ರಿ!"

ನಾಡಿಗೇರರು ಕೆಟ್ಟವರಲ್ಲ. ಯಾಕೆ ಏನು ಎಂದು ಕೇಳದೆ ನಿಲ್ಲಿಸಿದರು. ಆದರೆ ಕಂಪನಿ ಕೊಳ್ಳುವುದನ್ನು ನಿಲ್ಲಿಸಿದರೂ ಮುಚ್ಚಿದ ತಂತಿ ತೆರೆಯುವುದಿಲ್ಲ. ಸಂತೆಯ ಹೊತ್ತು ಮುಗಿಯಬೇಕು, ಇಲ್ಲವೇ ಮನೆಯವರು ಬಂದು ಬೇಡ ಎನ್ನಬೇಕು. ಪರದೆ ಅದನ್ನೇ ಕೆಂಪು ಅಕ್ಷರದಲ್ಲಿ ಮತ್ತೆ ಮತ್ತೆ ತೋರಿಸಿತು. ಆ ಸಾಲನ್ನು ಬರೆದವಳು ಅವಳೇ.

ತಾಯಿಗೆ ಫೋನು ಮಾಡಿದಳು. ಎತ್ತಲಿಲ್ಲ. ಫಕೀರವ್ವನಿಗೆ ಮಾಡಿದಳು. ಶಾಂತಕ್ಕನಿಗೆ ಮಾಡಿದಳು. ಎಲ್ಲ ಫೋನುಗಳೂ ತಂಪುಮನೆಯ ದಿಂಬುಗಳ ಕೆಳಗೆ ಸದ್ದಡಗಿ ಮಿನುಗುತ್ತಿದ್ದವು. ಯಾರೋ ತಂಪುಮನೆಯ ಕಾವಲುಗಾರ ಯಂಕೋಬನ ನಂಬರು ಹುಡುಕಿ ಕೊಟ್ಟರು. ಅವನು ಎತ್ತಿದ.

"ಯಂಕೋಬಣ್ಣಾ, ನಮ್ಮವ್ವನ ಎಬ್ಬಸು. ಎಲ್ಲಾರನೂ ಎಬ್ಬಸು. ದಸ್ತಗೀರ ಮಾಮಾನ ತಂತಿ ಬಂದಾಗೇತಿ ಅಂತ ಹೇಳು. ಓಡು ಅಂತ ಹೇಳು!"

ಅವರು ಓಡಿದರು. ಬರಿಗಾಲಲ್ಲಿ, ಕಾದ ಡಾಂಬರಿನ ಮೇಲೆ, ಸೆರಗು ಸಿಕ್ಕಿಸಿಕೊಂಡು ಏಳು ಮನೆಯ ಹೆಂಗಸರು ಓಡಿದರು. ಏಳು ಬೀಗಗಳು ತೆರೆದವು. ಏಳು ಕಡೆಯಿಂದ ಬೇಡ, ಬೇಡ, ಮಾರಬೇಡ ಎಂಬ ಕೂಗು ಒಟ್ಟಿಗೆ ಎದ್ದಿತು. ದಲಾಲಿಗಳು ಏಳೂ ಕಡೆ ಆತ್ರಿ ಎಂದವು. ತಗಡಿನ ಕೋಣೆಯಲ್ಲಿ ಯಂತ್ರ ಒಮ್ಮೆ ಮೈಮುರಿದು ಮತ್ತೆ ಗುರುಗುಟ್ಟಲು ಶುರುಮಾಡಿತು.

ದಸ್ತಗೀರಸಾಬ ಗೋಡೆಗೆ ಒರಗಿ ಕೂತಿದ್ದ. ನಳಿಕೆ ಮೂಗಿನಲ್ಲೇ ಇತ್ತು. ಖಣದ ಪರದೆಯನ್ನು ಸರಿಸಿ ಮೊಳೆಗೆ ಸಿಕ್ಕಿಸಿದ್ದ, ದೀಪಗಳನ್ನು ನೋಡುತ್ತ ಕೂತಿದ್ದಿರಬೇಕು. ತೋಟವ್ವನ ತಂಬಿಗೆಯನ್ನು ತೊಳೆದು, ಮರಳಿ ಕೊಡಲೆಂದು ಬಾಗಿಲ ಬಳಿ ಬೋರಲು ಹಾಕಿದ್ದ. ತಗಡು ಬಡಿದನೋ, ಕೂಗಿದನೋ, ಯಾರಿಗೂ ಗೊತ್ತಿಲ್ಲ. ಕೇಳಿಸಿಕೊಳ್ಳಲು ಓಣಿಯಲ್ಲಿ ಯಾರೂ ಇರಲಿಲ್ಲ. ಈಗ ಅವನ ಮುಂದಿನ ಹಲಗೆಯಲ್ಲಿ ಏಳೂ ದೀಪಗಳು ಉರಿಯುತ್ತಿದ್ದವು. ಆ ಹಲಗೆಯಲ್ಲಿ ಏಳೂ ಉರಿದದ್ದನ್ನು ಅವನು ಬೇಸಿಗೆ ಶುರುವಾದ ಮೇಲೆ ಕಂಡಿದ್ದನೋ ಇಲ್ಲವೋ.

ಮಣ್ಣು ಮಾಡಿ ಬಂದ ಮೇಲೆ ಓಣಿಯವರು ಒಬ್ಬೊಬ್ಬರಾಗಿ ಬನಶಂಕರಿಯ ಬಳಿ ಬಂದರು, ಇನ್ನೊಬ್ಬರಿಗೆ ಕಾಣದ ಹಾಗೆ. ಫಕೀರವ್ವ ಹಿತ್ತಿಲ ಬಾಗಿಲಿನಿಂದ ಬಂದಳು. ಕಿವಿ ಬರಿದಾಗಿತ್ತು.

"ತಂಗಿ, ಕಡೀಕ ಬಂದಾಗಿದ್ದು ನಮ್ಮನಿ ತಂತಿ ಅಲ್ಲಲ್ಲ? ನಾ ಹೂಂ ಅಂದಾಗ ಇನ್ನಾ ಯಾರರ ಇದ್ರು, ಹೌದಿಲ್ಲ?"

"ತಿಳಿಯೂದಿಲ್ಲ ಯಕ್ಕಾ. ಯಾರಿಗೂ ತಿಳಿಬಾರದಂತ ಹಂಗ ಮಾಡೇನಿ ನಾನ."

"ನೋಡಿ ಹೇಳಾಕ ಬರೂದಿಲ್ಲ?"

"ಬರೂದಿಲ್ಲ."

ಫಕೀರವ್ವ ಸೆರಗಿನಿಂದ ಬರಿ ಕಿವಿ ಮುಚ್ಚಿಕೊಂಡಳು. ನಿಮ್ಮದಲ್ಲ ಎಂಬ ಒಂದು ಮಾತಿಗಾಗಿ ಬಂದಿದ್ದಳು, ಅದನ್ನು ಕೊಡಲು ಬನಶಂಕರಿಯ ಬಳಿ ಇರಲಿಲ್ಲ. ಮಿಕ್ಕ ಮನೆಯವರೂ ಹಾಗೆಯೇ ಬಂದು ಹಾಗೆಯೇ ಹೋದರು. ಕೊನೆಯ ತಂತಿ ಯಾರದೆಂದು ತಿಳಿದಿದ್ದರೆ ಆರು ಮನೆಯವರಾದರೂ ನಿದ್ದೆ ಮಾಡುತ್ತಿದ್ದರು. ಈಗ ಏಳು ಮನೆಗೂ ಪಾಲು ಬಂತು.

ಕೇಳದೆ ಉಳಿದವಳು ತೋಟವ್ವ ಒಬ್ಬಳೇ. ಅವಳು ನಿಂತು ನೇಯುವ ಹೊಸ ಮಗ್ಗದ ಮುಂದೆ ಕೂತಿರುತ್ತಿದ್ದಳು. ಒಂದು ಸಂಜೆ ಬನಶಂಕರಿಯೇ ತಡೆಯಲಾರದೆ ಬಾಯಿಬಿಟ್ಟಳು.

"ಒಂದ್ಸರ್ತಿ ಅಂವನ ಹೆಸರ ಹೇಳಿದ್ರ ಸಾಕಿತ್ತ ಬೇ. ದಲಾಲಿ ಮತ್ತ ಕೇಳತಿದ್ದಿಲ್ಲ. ಏಳ ಮನ್ಯಾಗ ಒಬ್ರರ ಹೇಳಿದ್ರ ಸಾಕಿತ್ತು."

ತೋಟವ್ವ ಮಗ್ಗದಿಂದ ಮಗಳ ಕಡೆ ತಿರುಗಿದಳು.

"ಆ ಒಂದ ಹೆಸರಿಗೆ ಇಷ್ಟ ಬೆಲಿ ಐತಂತ ನನಗ ಗೊತ್ತಿದ್ದಿಲ್ಲ. ನಿನಗ ಗೊತ್ತಿತ್ತಲ್ಲ," ಎಂದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಇದ್ದಿದ್ದರೆ ಮಗಳಿಗೆ ಹಗುರವಾಗುತ್ತಿತ್ತು. "ಹೇಳ ಯವ್ವಾ ಅಂತ ನೀನರ ಯಾಕ ಅನ್ನಲಿಲ್ಲ?"

"ನೀ ಹೇಳಿರತೀ ಅನ್ಕೊಂಡ್ನಿ."

"ಮತ್ತೊಬ್ರು ಕೊಟ್ಟಿರತಾರ ಅನ್ಕೊಂಡ್ನಿ ನಾನೂ."

ಇಬ್ಬರೂ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಕಂಪನಿ ಗಂಟೆಯನ್ನು ಇಳಿಸಿತು. ಕಟ್ಟಳೆಗಳು ಬದಲಾದವು. ಈಗ ಉಸಿರಿನ ಯಂತ್ರಕ್ಕೆ ಹೋಗುವ ಕರೆಂಟನ್ನು ಪೆಟ್ಟಿಗೆ ತಾನೇ ಗುರುತು ಹಿಡಿಯುತ್ತದೆ, ಮಾರಲೇ ಎಂದು ಕೇಳುವುದೂ ಇಲ್ಲ. ಬನಶಂಕರಿ ಹಗಲಿರುಳು ಕೂತು ಅದನ್ನು ಮಾಡಿ ಮುಗಿಸಿದಳು. ಎಷ್ಟೋ ಊರುಗಳಲ್ಲಿ ಎಷ್ಟೋ ಜನ ಅದರಿಂದ ಉಳಿದಿದ್ದಾರೆ. ಅವರ ಎಣಿಕೆ ಅವಳಿಗೆ ಬೇಕಿಲ್ಲ. ರೈಲಿನಿಂದ ಇಳಿದು ಓಣಿಗೆ ಬರುವಾಗ ಈಗಲೂ ಅವಳು ತಗಡಿನ ಕೋಣೆಯ ಕಡೆಯಿಂದ ಬರುವುದಿಲ್ಲ, ಸುತ್ತು ಹಾಕಿಕೊಂಡು ಬರುತ್ತಾಳೆ.

ಕಟ್ಟಳೆ ಬದಲಾಗುವ ಮೊದಲೇ, ಆಸ್ಪತ್ರೆಯವರು ಯಂತ್ರವನ್ನು ಒಯ್ದ ಮರುದಿನ ತೋಟವ್ವ ಒಲೆಯ ಮುಂದಿದ್ದಳು. ಮಧ್ಯಾಹ್ನ ಹತ್ತಿರವಾಗಿತ್ತು. ಓಣಿಯಲ್ಲಿ ಯಾರೂ ತಂಪುಮನೆಗೆ ಹೊರಟಿರಲಿಲ್ಲ, ಎಲ್ಲ ಬಾಗಿಲುಗಳೂ ತೆರೆದಿದ್ದವು.

"ಯವ್ವಾರ," ಎಂದಿತು ದಲಾಲಿ, "ಹಿಂದಿನ ಗ್ವಾಡಿ ತಂತಿ ಚಾಲೂ ಐತ್ರಿ. ಆದ್ರ ಅದರಾಗ ಯಾರೂ ಕರೆಂಟ ತಗೊಳ್ಳಾಕತ್ತಿಲ್ಲ. ಮಾರಲೇನ್ರಿ?"

"ಬ್ಯಾಡ."

"ಆತ್ರಿ. ಯಾತಕ್ಕ ಅಂತ ಹೇಳಿದ್ರ ನೆನಪಿಟ್ಟೊಂತೀನಿ."

ತೋಟವ್ವ ಕೈಯ ಹಿಟ್ಟನ್ನು ಕೊಡವಿ ಎದ್ದಳು. ಪೆಟ್ಟಿಗೆಯ ಎದುರು ನಿಂತಳು. ಆಮೇಲೆ ಹಿತ್ತಿಲ ಬಾಗಿಲು ತೆರೆದು, ಗೋಡೆಯಾಚೆ ಫಕೀರವ್ವನಿಗೂ, ಅವಳಾಚೆ ಶಾಂತಕ್ಕನಿಗೂ, ಏಳು ಮನೆಗೂ ಕೇಳುವಷ್ಟು ಗಟ್ಟಿಯಾಗಿ, ಆ ಓಣಿಯಲ್ಲಿ ಯಾರೂ ಎಂದೂ ಹೇಳದ ಮಾತನ್ನು ಹೇಳಿದಳು.

"ದಸ್ತಗೀರಸಾಬಗ! ದಸ್ತಗೀರಸಾಬಗ ಕೊಡಾಕ ಇಟ್ಟೇನಿ, ಅಂವ ಉಸರಾಡಾಕ!"

ಗೋಡೆಯಾಚೆ ಪಾತ್ರೆ ತಿಕ್ಕುವ ಸದ್ದು ನಿಂತಿತು.

"ಆತ್ರಿ ಯವ್ವಾರ," ಎಂದಿತು ದಲಾಲಿ. "ನೆನಪಿಟ್ಟೊಂಡೆ. ಇನ್ನ ಕೇಳೂದಿಲ್ಲ."

ಪೆಟ್ಟಿಗೆ ಕೊಟ್ಟ ಮಾತು ಉಳಿಸಿಕೊಂಡಿತು. ಮತ್ತೆಂದೂ ಕೇಳಲಿಲ್ಲ.